ಟೆಟ್ರಾ ಮೀನುಗಳ ಹೆಸರು ಮತ್ತು ವರ್ಗೀಕರಣ: ರೂಢ, ಅನ್ವರ್ಥ, ಅಂಕಿತಗಳ ನೆಲೆಯಿಂದ ಒಂದು ವಿವೇಚನೆ

ಸಾರಾಂಶ

ದಕ್ಷಿಣ ಅಮೆರಿಕದ ಸಿಹಿನೀರಿನ ಸಣ್ಣ ಮೀನುಗಳ ಒಂದು ದೊಡ್ಡ ಸಮೂಹಕ್ಕೆ ‘ಟೆಟ್ರಾ’ ಎಂಬ ಹೆಸರು ಬಳಕೆಯಲ್ಲಿದೆ. ಈ ಹೆಸರಿನ ಚರಿತ್ರೆಯನ್ನೂ ಈ ಮೀನುಗಳ ವೈಜ್ಞಾನಿಕ ನಾಮಕರಣದಲ್ಲಿ ಕಳೆದ ಎರಡು ಶತಮಾನಗಳಲ್ಲಿ ಆಗಿರುವ ಪಲ್ಲಟಗಳನ್ನೂ ಪ್ರಸ್ತುತ ಲೇಖನವು ಭಾಷಾವಿಜ್ಞಾನದ ದೃಷ್ಟಿಯಿಂದ ವಿವರಿಸುತ್ತದೆ. ವೈಜ್ಞಾನಿಕ ದ್ವಿನಾಮವು ಒಂದೇ ಕಾಲಕ್ಕೆ ಎರಡು ಕೆಲಸಗಳನ್ನು ಮಾಡಬೇಕಾಗಿದೆ: ಒಂದು ಜೀವಿಯನ್ನು ನಿರ್ದೇಶಿಸುವುದು, ಮತ್ತು ಅದರ ವಂಶಸಂಬಂಧವನ್ನು ಹೇಳುವುದು. ಈ ಎರಡರ ನಡುವಣ ಘರ್ಷಣೆಯನ್ನು ಕನ್ನಡ ವ್ಯಾಕರಣ ಪರಂಪರೆಯ ರೂಢ, ಅನ್ವರ್ಥ, ಅಂಕಿತ ಎಂಬ ನಾಮಭೇದಗಳ ನೆರವಿನಿಂದ ಸ್ಪಷ್ಟಪಡಿಸಬಹುದೆಂಬುದು ಇಲ್ಲಿಯ ವಾದ. ಇದರಿಂದ ಕನ್ನಡದ ಪರಿಭಾಷಾ ರಚನೆಗೆ ಒದಗುವ ಕೆಲವು ಸೂಚನೆಗಳನ್ನು ಕೊನೆಯಲ್ಲಿ ಚರ್ಚಿಸಲಾಗಿದೆ.

ಕೀಲಿಪದಗಳು: ನಾಮಕರಣ, ದ್ವಿನಾಮ ಪದ್ಧತಿ, ಅನ್ವರ್ಥನಾಮ, ಅಂಕಿತನಾಮ, ವಂಶಾನುಗತ ವರ್ಗೀಕರಣ, ಪರಿಭಾಷೆ, ಟೆಟ್ರಾ

1. ಪ್ರಸ್ತಾವನೆ

ಕೇಶಿರಾಜನ ‘ಶಬ್ದಮಣಿದರ್ಪಣ’ದಿಂದ ಇಂದಿನ ಶಾಲಾ ವ್ಯಾಕರಣಗಳವರೆಗೆ ನಾಮಪದಗಳನ್ನು ರೂಢ, ಅನ್ವರ್ಥ, ಅಂಕಿತ ಎಂದು ವಿಂಗಡಿಸುವ ಕ್ರಮವು ನಡೆದುಬಂದಿದೆ. ‘ಮರ’, ‘ಕಲ್ಲು’ ಮೊದಲಾದವು ರೂಢಿಯಿಂದ ಬಂದ ಸಾಮಾನ್ಯ ಹೆಸರುಗಳು. ‘ಕುರುಡ’, ‘ಜಾಣ’ ಮೊದಲಾದವು ಗುಣವನ್ನೋ ವೃತ್ತಿಯನ್ನೋ ಅನುಸರಿಸಿ ಬಂದವು. ಅಲ್ಲಿ ಹೆಸರಿಗೂ ಹೆಸರುಳ್ಳವನಿಗೂ ಅರ್ಥದ ನಂಟಿದೆ. ‘ಬಸವ’, ‘ರಾಮ’ ಮೊದಲಾದವು ಗುರುತಿಗಾಗಿ ಇಟ್ಟವು. ಅಲ್ಲಿ ಪದದ ಅರ್ಥವು ವ್ಯಕ್ತಿಯ ಸ್ವರೂಪವನ್ನು ಹೇಳಬೇಕೆಂಬ ನಿಯಮವಿಲ್ಲ. ಧರ್ಮರಾಯನೆಂಬ ಹೆಸರಿನವನು ಅಧರ್ಮಿಯಾಗಿದ್ದರೂ ಆ ಹೆಸರು ಅವನದೇ.

ಈ ವಿಂಗಡಣೆಯನ್ನು ಸಾಮಾನ್ಯವಾಗಿ ಪದಗಳ ಪಟ್ಟಿಯಾಗಿ ಕಲಿಸಲಾಗುತ್ತದೆ. ಆದರೆ ಒಂದು ಹೆಸರು ತನ್ನ ಆಯುಷ್ಯದಲ್ಲಿ ಒಂದು ಬಗೆಯಿಂದ ಇನ್ನೊಂದಕ್ಕೆ ದಾಟಬಲ್ಲದು. ಹಾಗೆ ದಾಟಿದುದನ್ನು ದಿನಾಂಕ ಸಹಿತವಾಗಿ ಗುರುತಿಸಬಹುದಾದ ಕ್ಷೇತ್ರಗಳು ವಿರಳ. ಜೀವಿಗಳ ವೈಜ್ಞಾನಿಕ ನಾಮಕರಣವು ಅಂಥದೊಂದು ಕ್ಷೇತ್ರ. ಅಲ್ಲಿ ಪ್ರತಿಯೊಂದು ಹೆಸರಿಗೂ ಕರ್ತೃವಿದ್ದಾನೆ, ವರ್ಷವಿದೆ, ಆಧಾರವಾದ ನಮೂನೆಯಿದೆ. ಟೆಟ್ರಾ ಮೀನುಗಳನ್ನು ಇಲ್ಲಿ ಆರಿಸಿಕೊಂಡಿರುವುದಕ್ಕೆ ಕಾರಣ ಅವುಗಳ ವರ್ಗೀಕರಣವು ದೀರ್ಘಕಾಲ ಅಸ್ಥಿರವಾಗಿದ್ದುದು. ಅದರ ಫಲವಾಗಿ ಹೆಸರುಗಳ ಮೇಲೆ ಬಿದ್ದ ಒತ್ತಡವು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಈ ಲೇಖನದಲ್ಲಿ ಗಣ, ಕುಟುಂಬ, ಜಾತಿ, ಪ್ರಭೇದ ಎಂಬ ಪದಗಳನ್ನು ಜೀವಶಾಸ್ತ್ರದ ಶ್ರೇಣಿಗಳಾಗಿ, ಇಳಿಯುವ ಕ್ರಮದಲ್ಲಿ ಬಳಸಲಾಗಿದೆ. ದ್ವಿನಾಮದ ಮೊದಲ ಪದ ಜಾತಿಯದು, ಎರಡನೆಯ ಪದ ಪ್ರಭೇದದ್ದು.

2. ‘ಟೆಟ್ರಾ’: ವಿಶೇಷ್ಯವನ್ನು ಕಳೆದುಕೊಂಡ ವಿಶೇಷಣ

1816ರಲ್ಲಿ ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ಜಾರ್ಜ್ ಕುವಿಯೇ ‘ಟೆಟ್ರಗೊನಾಪ್ಟೆರಸ್’ ಎಂಬ ಜಾತಿಯನ್ನು ಸ್ಥಾಪಿಸಿದನು. ಹೆಸರಿನ ಘಟಕಗಳು ಗ್ರೀಕಿನವು: ‘ಟೆಟ್ರ’ ಎಂದರೆ ನಾಲ್ಕು, ‘ಗೋನಿಯ’ ಎಂದರೆ ಕೋನ, ‘ಪ್ಟೆರೋನ್’ ಎಂದರೆ ರೆಕ್ಕೆ. ಅಲ್ಲಿಗೆ ಅದು ಚತುಷ್ಕೋನ ರೆಕ್ಕೆಯುಳ್ಳದ್ದು ಎಂಬ ಬಹುವ್ರೀಹಿ ಸಮಾಸ, ಹುಟ್ಟಿನಿಂದ ಅನ್ವರ್ಥನಾಮ. ಹತ್ತೊಂಬತ್ತನೆಯ ಶತಮಾನದಲ್ಲಿ ದಕ್ಷಿಣ ಮತ್ತು ಮಧ್ಯ ಅಮೆರಿಕದಿಂದ ಬಂದ ಅನೇಕ ಸಣ್ಣ ಮೀನುಗಳನ್ನು ಈ ಜಾತಿಯಲ್ಲಿಯೇ ಸೇರಿಸಲಾಯಿತು. ಮುಂದೆ ಇದರ ಆಧಾರದ ಮೇಲೆ ‘ಟೆಟ್ರಗೊನಾಪ್ಟೆರಿನೇ’ ಎಂಬ ಉಪಕುಟುಂಬವೂ ರೂಪುಗೊಂಡಿತು.

ಅಲಂಕಾರಿಕ ಮೀನುಗಳ ಸಾಕಣೆ ಜನಪ್ರಿಯವಾದಂತೆ ಈ ದೀರ್ಘನಾಮವು ಸವೆದು ‘ಟೆಟ್ರಾ’ ಆಯಿತು. ಭಾಷಾವಿಜ್ಞಾನದ ಪರಿಭಾಷೆಯಲ್ಲಿ ಇದು ಪದದ ಮೊಟಕುಗೊಳಿಸುವಿಕೆ. ಇಲ್ಲಿ ಗಮನಿಸಬೇಕಾದುದು ಉಳಿದ ಭಾಗ ಯಾವುದು ಎಂಬುದನ್ನು. ಸಮಾಸದ ಪ್ರಧಾನ ಪದವಾದ ‘ರೆಕ್ಕೆ’ ಹೋಯಿತು, ಅದನ್ನು ವಿಶೇಷಿಸುತ್ತಿದ್ದ ‘ಕೋನ’ವೂ ಹೋಯಿತು, ಕೋನವನ್ನು ಎಣಿಸುತ್ತಿದ್ದ ಸಂಖ್ಯಾವಾಚಕ ಮಾತ್ರ ಉಳಿಯಿತು. ನಾವು ದಿನವೂ ಬಳಸುವ ‘ಬಸ್ಸು’ ಇದಕ್ಕೆ ಸಮೀಪದ ನಿದರ್ಶನ. ‘ಎಲ್ಲರಿಗಾಗಿ’ ಎಂಬ ಅರ್ಥದ ಲ್ಯಾಟಿನಿನ ‘ಆಮ್ನಿಬಸ್’ ಪದದಲ್ಲಿ ಪ್ರಕೃತಿ ಅಳಿದು ಚತುರ್ಥೀ ಬಹುವಚನ ಪ್ರತ್ಯಯದ ತುಣುಕು ಉಳಿದು ವಾಹನದ ಹೆಸರಾಯಿತು. ಹಾಗೆಯೇ ‘ನಾಲ್ಕು’ ಎಂಬುದು ಮೀನಿನ ಹೆಸರಾಯಿತು. ಹೀಗೆ ತುಂಡಾದ ಪದಕ್ಕೆ ವ್ಯುತ್ಪತ್ತಿಯ ಅರ್ಥವನ್ನು ಹೊರುವ ಶಕ್ತಿ ಉಳಿಯುವುದಿಲ್ಲ; ಅದು ರೂಢನಾಮವಾಗುತ್ತದೆ.

ರೂಢವಾದ ಮೇಲೆ ಪದವು ತನ್ನ ಮೂಲದ ಮೇರೆಯಲ್ಲಿ ನಿಲ್ಲಲಿಲ್ಲ. ‘ನಿಯಾನ್ ಟೆಟ್ರಾ’, ‘ಕಾರ್ಡಿನಲ್ ಟೆಟ್ರಾ’, ‘ಎಂಪರರ್ ಟೆಟ್ರಾ’ ಎಂಬ ಸಮಾಸಗಳಲ್ಲಿ ಈಗ ‘ಟೆಟ್ರಾ’ ತಾನೇ ಪ್ರಧಾನ ಪದ. ಆಫ್ರಿಕದ ‘ಕಾಂಗೋ ಟೆಟ್ರಾ’ ಅಲೆಸ್ಟಿಡೇ ಎಂಬ ಬೇರೊಂದು ಕುಟುಂಬಕ್ಕೆ ಸೇರಿದ್ದು. ಆದರೂ ವ್ಯಾಪಾರದಲ್ಲಿ ಅದು ಟೆಟ್ರಾ. ಅಂದರೆ ಈ ಪದವು ಕ್ಯಾರಸಿಫಾರ್ಮೀಸ್ ಗಣದ ಸಣ್ಣ, ಚುರುಕಾದ, ತೊಟ್ಟಿಯಲ್ಲಿ ಗುಂಪಾಗಿ ಸಾಕಬಹುದಾದ ಮೀನುಗಳನ್ನು ಸೂಚಿಸುತ್ತದೆಯೇ ಹೊರತು ಒಂದು ವಂಶವನ್ನಲ್ಲ. ಬ್ರೆಜಿಲಿನಲ್ಲಿ ಬಳಕೆಯಲ್ಲಿರುವ, ತುಪಿ ಮೂಲದ ‘ಪಿಯಾಬ’ ಎಂಬ ಪದವೂ ಇಂಥದೇ: ಅದು ಹಲವು ಸಣ್ಣ ಮೀನುಗಳಿಗೆ ಒಟ್ಟಾಗಿ ಸಲ್ಲುವ ಹೆಸರು. ಲೋಕವ್ಯವಹಾರದ ಹೆಸರುಗಳು ರೂಪವನ್ನೂ ಬಳಕೆಯನ್ನೂ ಅನುಸರಿಸುತ್ತವೆ. ಅದು ಅವುಗಳ ದೋಷವಲ್ಲ, ಧರ್ಮ.

3. ಭೇದಕ ಲಕ್ಷಣಗಳಿಂದ ಕಟ್ಟಿದ ವ್ಯವಸ್ಥೆ

ವೈಜ್ಞಾನಿಕ ವರ್ಗೀಕರಣವು ಇದಕ್ಕಿಂತ ಹೆಚ್ಚಿನದನ್ನು ಬಯಸುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಕಾರ್ಲ್ ಐಗನ್‌ಮನ್ ಈ ಮೀನುಗಳನ್ನು ವಿಸ್ತಾರವಾಗಿ ಪರಿಶೀಲಿಸಿ ಜಾತಿಗಳನ್ನು ಬೇರ್ಪಡಿಸುವ ಲಕ್ಷಣಗಳನ್ನು ನಿಗದಿಗೊಳಿಸಿದನು. ಅವುಗಳಲ್ಲಿ ಎರಡು ಲಕ್ಷಣಗಳು ಬಹುಕಾಲ ಬಳಕೆಯಲ್ಲಿದ್ದವು. ಮೊದಲನೆಯದು ಪಾರ್ಶ್ವರೇಖೆ: ನೀರಿನ ಚಲನೆಯನ್ನು ಗ್ರಹಿಸುವ, ಮೈಯ ಎರಡು ಬದಿಗಳಲ್ಲಿ ರಂಧ್ರಯುಕ್ತ ಹುರುಪೆಗಳ ಸಾಲಾಗಿ ಕಾಣುವ ಅಂಗ. ಇದು ಬಾಲದವರೆಗೆ ಪೂರ್ಣವಾಗಿರಬಹುದು ಅಥವಾ ನಡುವೆ ನಿಂತುಹೋಗಿರಬಹುದು. ಎರಡನೆಯದು ಬಾಲದ ಈಜುರೆಕ್ಕೆಯ ಮೇಲೆ ಹುರುಪೆಗಳಿವೆಯೇ ಇಲ್ಲವೇ ಎಂಬುದು. ಈ ಎರಡರಿಂದ ನಾಲ್ಕು ಪ್ರಮುಖ ಜಾತಿಗಳು ಹೀಗೆ ಬೇರ್ಪಡುತ್ತವೆ:

ಆಸ್ಟಿಯಾನಾಕ್ಸ್: [+ಪೂರ್ಣ ಪಾರ್ಶ್ವರೇಖೆ, −ಬಾಲದ ಹುರುಪೆ]
ಮೊಯೆಂಕ್‌ಹಾಸಿಯಾ: [+ಪೂರ್ಣ ಪಾರ್ಶ್ವರೇಖೆ, +ಬಾಲದ ಹುರುಪೆ]
ಹೈಫೆಸ್ಸೊಬ್ರೈಕಾನ್: [−ಪೂರ್ಣ ಪಾರ್ಶ್ವರೇಖೆ, −ಬಾಲದ ಹುರುಪೆ]
ಹೆಮಿಗ್ರಾಮಸ್: [−ಪೂರ್ಣ ಪಾರ್ಶ್ವರೇಖೆ, +ಬಾಲದ ಹುರುಪೆ]

ಧ್ವನಿಮಾಶಾಸ್ತ್ರದ ಓದುಗರಿಗೆ ಈ ಕೋಷ್ಟಕವು ಪರಿಚಿತವಾಗಿ ತೋರುವುದು ಸಹಜ. ಘೋಷ ಮತ್ತು ಮಹಾಪ್ರಾಣ ಎಂಬ ಎರಡು ದ್ವಿಮುಖ ಲಕ್ಷಣಗಳಿಂದ ಕ, ಖ, ಗ, ಘ ಎಂಬ ನಾಲ್ಕು ಧ್ವನಿಮಾಗಳು ಬೇರ್ಪಡುವಂತೆಯೇ ಇಲ್ಲಿ ನಾಲ್ಕು ಜಾತಿಗಳು ಬೇರ್ಪಡುತ್ತವೆ. ಹೆಸರುಗಳಲ್ಲಿಯೂ ಕೆಲವೆಡೆ ಈ ಲಕ್ಷಣ ಮೂಡಿದೆ: ‘ಹೆಮಿ’ ಎಂದರೆ ಅರ್ಧ, ‘ಗ್ರಾಮೆ’ ಎಂದರೆ ಗೆರೆ, ಪಾರ್ಶ್ವರೇಖೆಯ ಅಪೂರ್ಣತೆಯೇ ‘ಹೆಮಿಗ್ರಾಮಸ್’ ಎಂಬುದರ ಅರ್ಥ. ಮೊಯೆಂಕ್‌ಹಾಸಿಯಾ ಮಾತ್ರ ಅಂಥದಲ್ಲ. ಅದು ಮೊಯೆಂಕ್‌ಹಾಸ್ ಎಂಬ ವಿದ್ವಾಂಸನ ನೆನಪಿಗೆ ಇಟ್ಟ ಹೆಸರು.

ಗುರುತಿಸುವ ಸಾಧನವಾಗಿ ಈ ವ್ಯವಸ್ಥೆಯು ಅನುಕೂಲಕರವಾಗಿತ್ತು. ಆದರೆ ಕ, ಖ, ಗ, ಘಗಳ ಕೋಷ್ಟಕವು ಆ ಧ್ವನಿಗಳು ಒಂದು ಭಾಷಾವ್ಯವಸ್ಥೆಯಲ್ಲಿ ಹೇಗೆ ಬೇರೆಯಾಗಿವೆ ಎಂಬುದನ್ನು ಹೇಳುತ್ತದೆಯೇ ವಿನಾ ಯಾವುದು ಯಾವುದರಿಂದ ಬಂದಿತೆಂದು ಹೇಳುವುದಿಲ್ಲ. ಜಾತಿಯ ಹೆಸರಾದರೋ ಬಂಧುತ್ವವನ್ನು ಸೂಚಿಸಬೇಕೆಂಬುದು ವಿಕಾಸವಾದವನ್ನು ಅಂಗೀಕರಿಸಿದ ಜೀವಶಾಸ್ತ್ರದ ನಿರೀಕ್ಷೆ. ತೊಡಕು ಆರಂಭವಾಗುವುದು ಇಲ್ಲಿ.

4. ಲಕ್ಷಣದಿಂದ ವಂಶಕ್ಕೆ

ಅಪೂರ್ಣ ಪಾರ್ಶ್ವರೇಖೆಯು ಒಂದು ಅಂಗದ ಕುಗ್ಗುವಿಕೆ. ದೇಹವು ಕಿರಿದಾದಂತೆ ಇಂಥ ಕುಗ್ಗುವಿಕೆಗಳು ಬೇರೆ ಬೇರೆ ವಂಶಗಳಲ್ಲಿ ಪ್ರತ್ಯೇಕವಾಗಿ ಸಂಭವಿಸುತ್ತವೆ. ದಕ್ಷಿಣ ಅಮೆರಿಕದ ಸಿಹಿನೀರಿನ ಮೀನುಗಳಲ್ಲಿ ದೇಹದ ಕಿರಿದಾಗುವಿಕೆಯನ್ನು ಕುರಿತು ಸ್ಟ್ಯಾನ್ಲಿ ವೈಟ್ಸ್‌ಮನ್ ಮತ್ತು ರಿಚರ್ಡ್ ವಾರಿ 1988ರಲ್ಲಿ ಪ್ರಕಟಿಸಿದ ಅಧ್ಯಯನವು ಈ ದಿಕ್ಕಿನಲ್ಲಿ ಮುಖ್ಯವಾದುದು. ಎರಡು ಮೀನುಗಳಲ್ಲಿ ಒಂದೇ ಅಂಗವು ಕುಗ್ಗಿದೆಯೆಂದ ಮಾತ್ರಕ್ಕೆ ಅವು ಹತ್ತಿರದ ಬಂಧುಗಳೆಂದು ಹೇಳುವಂತಿಲ್ಲ.

ತೌಲನಿಕ ಭಾಷಾವಿಜ್ಞಾನದಲ್ಲಿ ಇದು ಹಳೆಯ ಪಾಠ. ಹಳಗನ್ನಡದ ‘ಪಾಲ್’ ನಡುಗನ್ನಡದ ಹೊತ್ತಿಗೆ ‘ಹಾಲು’ ಆಯಿತು. ಪದಾದಿಯ ಪಕಾರವು ಹಕಾರವಾಯಿತು. ಜಪಾನೀ ಭಾಷೆಯಲ್ಲಿಯೂ ಪಕಾರವು ಕಾಲಕ್ರಮದಲ್ಲಿ ಹಕಾರವಾಗಿದೆ. ಪರಿವರ್ತನೆಯು ಒಂದೇ ಬಗೆಯದೆಂದು ಯಾರೂ ಕನ್ನಡವನ್ನೂ ಜಪಾನಿಯನ್ನೂ ಒಂದು ಕುಟುಂಬಕ್ಕೆ ಸೇರಿಸುವುದಿಲ್ಲ. ಸ್ಪರ್ಶಧ್ವನಿಯ ಶಿಥಿಲೀಕರಣವು ಎಲ್ಲಿಯಾದರೂ ನಡೆಯಬಹುದಾದದ್ದು. ಬಂಧುತ್ವಕ್ಕೆ ಸಾಕ್ಷಿಯಾಗಬಲ್ಲದ್ದು ಸಾದೃಶ್ಯವಲ್ಲ, ಒಂದೇ ಪೂರ್ವಜನಿಂದ ಪಡೆದುದೆಂದು ತೋರಿಸಬಹುದಾದ ಸಮಾನ ನವಪರಿವರ್ತನೆ. ಜೀವಶಾಸ್ತ್ರಜ್ಞರು ವಂಶವೃಕ್ಷವನ್ನು ಕಟ್ಟುವಾಗ ಅನುಸರಿಸುವ ತತ್ತ್ವವೂ ಇದೇ.

ಈ ತತ್ತ್ವವನ್ನು ಕಟ್ಟುನಿಟ್ಟಾಗಿ ಅನ್ವಯಿಸಿದಾಗ ಹಳೆಯ ಜಾತಿಗಳು ಸಡಿಲಗೊಂಡವು. ದಕ್ಷಿಣ ಮತ್ತು ಮಧ್ಯ ಅಮೆರಿಕದ ಸಿಹಿನೀರಿನ ಮೀನುಗಳ 2003ರ ಸಮಗ್ರ ಪಟ್ಟಿಯಲ್ಲಿ ಕ್ಯಾರಸಿಡೇ ಕುಟುಂಬದ 80ಕ್ಕೂ ಹೆಚ್ಚು ಜಾತಿಗಳನ್ನು ಯಾವ ಉಪಕುಟುಂಬಕ್ಕೂ ಸೇರಿಸದೆ ‘ಇನ್ಸರ್ಟೇ ಸೇಡಿಸ್’ ಎಂಬ ಶೀರ್ಷಿಕೆಯಡಿ ಇಡಲಾಯಿತು. ಈ ಲ್ಯಾಟಿನ್ ಪದಗುಚ್ಛದ ಅರ್ಥ ‘ಅನಿಶ್ಚಿತ ನೆಲೆಯದು’ ಎಂದು. ವರ್ಗದ ಹೆಸರಿರಬೇಕಾದ ಸ್ಥಾನದಲ್ಲಿ ಅಜ್ಞಾನದ ನಿವೇದನೆಯೇ ಪಾರಿಭಾಷಿಕವಾಗಿ ನಿಂತಿದೆ. ಯಾವ ಭಾಷಾಕುಟುಂಬಕ್ಕೂ ಸೇರಿಸಲಾಗದ ಭಾಷೆಗಳನ್ನು ನಾವು ‘ಅವರ್ಗೀಕೃತ’ ಎಂದು ಪಟ್ಟಿಮಾಡುವುದಕ್ಕೆ ಇದು ಸಮಾನ.

2024ರಲ್ಲಿ ಬ್ರೂನೊ ಮೆಲೊ ಮತ್ತು ಸಹಲೇಖಕರು ಜೀನೋಮಿನ ವಿಪುಲ ದತ್ತಾಂಶಗಳನ್ನು ಆಧರಿಸಿ ಹಳೆಯ ಕ್ಯಾರಸಿಡೇಯನ್ನು ನಾಲ್ಕು ಕುಟುಂಬಗಳಾಗಿ ವಿಭಜಿಸಿದರು: ಸ್ಪಿಂಥೆರೊಬೊಲಿಡೇ, ಸ್ಟೆವಾರ್ಡಿಯಿಡೇ, ಕ್ಯಾರಸಿಡೇ ಮತ್ತು ಅಸೆಸ್ಟ್ರೊರಾಂಫಿಡೇ. ನಿಯಾನ್ ಟೆಟ್ರಾ, ಕಾರ್ಡಿನಲ್ ಟೆಟ್ರಾ ಮತ್ತು ಮೇಲಿನ ಕೋಷ್ಟಕದ ನಾಲ್ಕು ಜಾತಿಗಳು ಬಂದುದು ಅಸೆಸ್ಟ್ರೊರಾಂಫಿಡೇಗೆ. ‘ಟೆಟ್ರಾ’ ಎಂಬ ಪದದ ತವರಾದ ಟೆಟ್ರಗೊನಾಪ್ಟೆರಸ್ ಉಳಿದುದು ಕ್ಯಾರಸಿಡೇಯಲ್ಲಿ. ಹೀಗಾಗಿ ಈ ವಿಂಗಡಣೆಯಂತೆ, ಯಾವ ಮೀನುಗಳನ್ನು ಲೋಕವು ಮುಖ್ಯವಾಗಿ ಟೆಟ್ರಾ ಎಂದು ಬಲ್ಲುದೋ ಅವು ಒಂದು ಕುಟುಂಬದಲ್ಲಿವೆ. ಆ ಹೆಸರನ್ನು ಕೊಟ್ಟ ಜಾತಿ ಇನ್ನೊಂದರಲ್ಲಿದೆ. ರೂಢನಾಮಕ್ಕೆ ಇದರಿಂದ ಬಾಧೆಯೇನೂ ಇಲ್ಲ.

ಹೊಸ ಕುಟುಂಬದ ಹೆಸರೂ ಗಮನಾರ್ಹವಾದುದು. ಗ್ರೀಕಿನಲ್ಲಿ ಸೂಜಿ ಮತ್ತು ಕೊಕ್ಕು ಎಂಬರ್ಥದ ಪದಗಳಿಂದ ರಚಿತವಾದ ‘ಅಸೆಸ್ಟ್ರೊರಾಂಫಸ್’ ಎಂಬ ಜಾತಿನಾಮ ಇದರ ಪ್ರಕೃತಿ. ಆ ಜಾತಿಯನ್ನು ಈಗ ‘ಆಲಿಗೊಸಾರ್ಕಸ್’ ಎಂಬ ಹಿರಿಯ ಹೆಸರಿನ ಪರ್ಯಾಯನಾಮವೆಂದು ಎಣಿಸಲಾಗುತ್ತದೆ. ಅಂದರೆ ಸ್ವತಂತ್ರ ಪದವಾಗಿ ಅದು ಬಳಕೆ ತಪ್ಪಿದೆ. ಆದರೂ ಅದರಿಂದ ಸಾಧಿತವಾದ ಕುಟುಂಬನಾಮವು ಊರ್ಜಿತ. ಪ್ರಕೃತಿ ಲುಪ್ತವಾಗಿ ಸಾಧಿತರೂಪ ಮಾತ್ರ ಬದುಕಿರುವ ಪದಗಳು ಎಲ್ಲ ಭಾಷೆಗಳಲ್ಲಿಯೂ ಉಂಟು. ನಾಮಕರಣ ಸಂಹಿತೆಯು ಅದನ್ನು ನಿಯಮದಿಂದಲೇ ಸಮ್ಮತಿಸಿದೆ.

5. ಒಂದು ದಿನದ ಅಂತರ: ಕಾರ್ಡಿನಲ್ ಟೆಟ್ರಾದ ಪ್ರಕರಣ

ಹೆಸರಿನ ನಿರ್ದೇಶನಶಕ್ತಿಯು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ 1956ರ ಒಂದು ವಿವಾದವು ಉತ್ತರ ಕೊಡುತ್ತದೆ. ರಿಯೊ ನೀಗ್ರೊ ನದಿಯ ಪ್ರದೇಶದಿಂದ ಬಂದ, ಕೆಂಪು ಮತ್ತು ನೀಲಿ ಪಟ್ಟೆಗಳ ಒಂದು ಮೀನನ್ನು ಲೆನಾರ್ಡ್ ಶುಲ್ಟ್ಸ್ ‘ಕೈರೋಡಾನ್ ಆಕ್ಸೆಲ್‌ರೋಡಿ’ ಎಂದು ಹೆಸರಿಸಿದನು. ಆ ವಿವರಣೆಯು 1956ರ ಫೆಬ್ರುವರಿ 20ರ ದಿನಾಂಕದಲ್ಲಿ, ಮೀನು ಸಾಕುವವರ ಒಂದು ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ಪತ್ರಿಕೆಯ ಪ್ರಕಾಶಕ ಹರ್ಬರ್ಟ್ ಆಕ್ಸೆಲ್‌ರಾಡ್. ಅದೇ ಮೀನನ್ನು ಜಾರ್ಜ್ ಮೈಯರ್ಸ್ ಮತ್ತು ವೈಟ್ಸ್‌ಮನ್ ‘ಹೈಫೆಸ್ಸೊಬ್ರೈಕಾನ್ ಕಾರ್ಡಿನಾಲಿಸ್’ ಎಂದು ಹೆಸರಿಸಿದರು. ಅದು ಸ್ಟ್ಯಾನ್‌ಫರ್ಡಿನ ಮತ್ಸ್ಯಶಾಸ್ತ್ರ ಪತ್ರಿಕೆಯಲ್ಲಿ ಮರುದಿನದ, ಅಂದರೆ ಫೆಬ್ರುವರಿ 21ರ ದಿನಾಂಕದಲ್ಲಿ ಬಂದಿತು. ಒಂದೇ ಮೀನಿಗೆ ಎರಡು ಪ್ರಭೇದನಾಮಗಳು, ಅದೂ ಎರಡು ಬೇರೆ ಜಾತಿಗಳಲ್ಲಿ.

ಪ್ರಶ್ನೆಯು ಅಂತಾರಾಷ್ಟ್ರೀಯ ಪ್ರಾಣಿನಾಮಕರಣ ಆಯೋಗದ ಮುಂದೆ ಹೋಯಿತು. ತೀರ್ಪು ‘ಆಕ್ಸೆಲ್‌ರೋಡಿ’ಯ ಪರವಾಗಿ ಬಂದಿತು. ನಾಮಕರಣದಲ್ಲಿ ಮೊದಲು ಪ್ರಕಟವಾದ ಹೆಸರಿಗೆ ಮನ್ನಣೆ ಎಂಬುದು ಆದ್ಯತೆಯ ತತ್ತ್ವ. ಕಾರ್ಲ್ ಲಿನೆಯಸನ ‘ಸಿಸ್ಟೆಮಾ ನ್ಯಾಚುರೇ’ ಕೃತಿಯ ಹತ್ತನೆಯ ಆವೃತ್ತಿ ಬಂದ 1758ರಿಂದ ಅದರ ಎಣಿಕೆ. ಯಾವ ಹೆಸರು ಮೀನಿನ ಬಣ್ಣಕ್ಕೆ ಹೆಚ್ಚು ಒಪ್ಪುತ್ತದೆ, ಯಾವ ಲೇಖನದ ವಿವರಣೆ ಹೆಚ್ಚು ಪ್ರೌಢವಾಗಿದೆ ಎಂಬುದು ಈ ತತ್ತ್ವದ ಮುಂದೆ ಗಣನೆಗೆ ಬಾರದು.

ಕೆಂಪು ಬಣ್ಣವನ್ನು ಸೂಚಿಸುವ ಅನ್ವರ್ಥನಾಮವು ಹೀಗೆ ಸೋತು ಒಬ್ಬ ವ್ಯಕ್ತಿಯ ಹೆಸರಿನ ಅಂಕಿತನಾಮವು ಗೆದ್ದಿತು. ಆದರೆ ಸೋತುದು ಶಾಸ್ತ್ರದ ಭಾಷೆಯಲ್ಲಿ ಮಾತ್ರ. ಲೋಕದ ಭಾಷೆಯಲ್ಲಿ ಆ ಮೀನು ಇಂದಿಗೂ ‘ಕಾರ್ಡಿನಲ್ ಟೆಟ್ರಾ’. ಎರಡು ಭಾಷಾವಲಯಗಳು ಒಂದೇ ವಸ್ತುವಿನ ಎರಡು ಹೆಸರುಗಳಲ್ಲಿ ತಮತಮಗೆ ಬೇಕಾದುದನ್ನು ಉಳಿಸಿಕೊಂಡವು: ಒಂದಕ್ಕೆ ಆದ್ಯತೆ ಬೇಕು, ಇನ್ನೊಂದಕ್ಕೆ ಗುರುತು ಬೇಕು.

ಜಾತಿಯ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. ಇದಕ್ಕೆ ಹೋಲುವ ನಿಯಾನ್ ಟೆಟ್ರಾವನ್ನು ಮೈಯರ್ಸ್ 1936ರಲ್ಲಿ ‘ಹೈಫೆಸ್ಸೊಬ್ರೈಕಾನ್ ಇನ್ನೆಸಿ’ ಎಂದು ಹೆಸರಿಸಿದ್ದನು. 1960ರಲ್ಲಿ ಫ್ರಾನ್ಸಿನ ಜಾಕ್ ಜೆರಿ ಅದಕ್ಕಾಗಿ ‘ಪ್ಯಾರಾಕೈರೋಡಾನ್’ ಎಂಬ ಹೊಸ ಜಾತಿಯನ್ನು ರಚಿಸಿದನು. 1983ರಲ್ಲಿ ವೈಟ್ಸ್‌ಮನ್ ಮತ್ತು ವಿಲಿಯಂ ಫಿಂಕ್ ನಿಯಾನ್, ಕಾರ್ಡಿನಲ್, ಹಸಿರು ನಿಯಾನ್ ಎಂಬ ಮೂರನ್ನೂ ಒಂದೇ ವಂಶದವೆಂದು ವಾದಿಸಿ ಆ ಜಾತಿಯಲ್ಲಿ ಒಟ್ಟುಗೂಡಿಸಿದರು. ಈಗಿನ ಪೂರ್ಣರೂಪ ‘ಪ್ಯಾರಾಕೈರೋಡಾನ್ ಆಕ್ಸೆಲ್‌ರೋಡಿ (ಶುಲ್ಟ್ಸ್, 1956)’. ‘ಕೈರೋಡಾನ್’ ಎಂದರೆ ಕೈಹಲ್ಲು. ‘ಪ್ಯಾರಾ’ ಎಂದರೆ ಪಕ್ಕದ್ದು. ಆದರೆ 2024ರ ವಿಂಗಡಣೆಯಲ್ಲಿ ಕೈರೋಡಾನ್ ಇರುವುದು ಕ್ಯಾರಸಿಡೇಯಲ್ಲಿ, ಪ್ಯಾರಾಕೈರೋಡಾನ್ ಇರುವುದು ಅಸೆಸ್ಟ್ರೊರಾಂಫಿಡೇಯಲ್ಲಿ. ‘ಪಕ್ಕದ್ದು’ ಎಂಬ ಹೆಸರಿನದು ಈಗ ಬೇರೆ ಮನೆಯಲ್ಲಿದೆ. ಹೆಸರು ಮಾತ್ರ ಬದಲಾಗಿಲ್ಲ, ಬದಲಾಗಬೇಕಾಗಿಯೂ ಇಲ್ಲ.

6. ಅರ್ಥ ಅಳಿದ ಮೇಲೆ: ಕುರುಡುಮೀನಿನ ಪ್ರಕರಣ

ಇದಕ್ಕೆ ಪೂರಕವಾದ ಇನ್ನೊಂದು ನಿದರ್ಶನ ಮೆಕ್ಸಿಕೊದ ಗುಹೆಗಳ ಕಣ್ಣಿಲ್ಲದ ಟೆಟ್ರಾ. 1936ರಲ್ಲಿ ಕಾರ್ಲ್ ಹಬ್ಸ್ ಮತ್ತು ವಿಲಿಯಂ ಇನ್ನೆಸ್ ಅದನ್ನು ‘ಅನಾಪ್ಟಿಕ್ತಿಸ್ ಜೋರ್ಡಾನಿ’ ಎಂದು ವಿವರಿಸಿದರು. ಜಾತಿನಾಮದ ಅರ್ಥ ನಿಷೇಧಪೂರ್ವಕವಾಗಿ ‘ಕಣ್ಣಿಲ್ಲದ ಮೀನು’. ನಮ್ಮ ವ್ಯಾಕರಣಗಳು ಅನ್ವರ್ಥಕ್ಕೆ ಕೊಡುವ ‘ಕುರುಡ’ ಎಂಬ ಉದಾಹರಣೆಗೆ ಇದಕ್ಕಿಂತ ಹತ್ತಿರದ ಹೆಸರು ದೊರೆಯಲಾರದು.

ಆದರೆ ಹೊರಗಿನ ನದಿಗಳಲ್ಲಿ ಕಣ್ಣುಳ್ಳ ಮೀನೊಂದು ಇತ್ತು. ಅದನ್ನು 1853ರಲ್ಲಿ ಡಿ ಫಿಲಿಪ್ಪಿ ‘ಟೆಟ್ರಗೊನಾಪ್ಟೆರಸ್ ಮೆಕ್ಸಿಕಾನಸ್’ ಎಂದು ಹೆಸರಿಸಿದ್ದನು. ಗುಹೆಯ ಮೀನೂ ನದಿಯ ಮೀನೂ ಪರಸ್ಪರ ಕೂಡಿ ಸಂತಾನ ಪಡೆಯಬಲ್ಲವೆಂಬುದು ತಿಳಿದ ಮೇಲೆ ಎರಡನ್ನೂ ಒಂದೇ ಪ್ರಭೇದವೆಂದು ಎಣಿಸುವ ಕ್ರಮ ವ್ಯಾಪಕವಾಯಿತು. ಆಗ ಆದ್ಯತೆಯ ತತ್ತ್ವದಂತೆ ಹಿರಿಯ ಹೆಸರು ಉಳಿಯಿತು: ‘ಆಸ್ಟಿಯಾನಾಕ್ಸ್ ಮೆಕ್ಸಿಕಾನಸ್’. ಆಸ್ಟಿಯಾನಾಕ್ಸ್ ಎಂಬುದು ‘ಇಲಿಯಡ್’ ಕಾವ್ಯದಲ್ಲಿ ಬರುವ ಟ್ರಾಯ್ ನಗರದ ವೀರ ಹೆಕ್ಟರನ ಮಗನ ಹೆಸರು. ಹೀಗೆ ಕಣ್ಣಿಲ್ಲದಿರುವಿಕೆಯನ್ನು ನೇರವಾಗಿ ಹೇಳುತ್ತಿದ್ದ ಹೆಸರು ಮರೆಗೆ ಸರಿದು, ಮೀನಿನ ಯಾವ ಗುಣವನ್ನೂ ಹೇಳದ ರಾಜಕುಮಾರನ ಹೆಸರು ನಿಂತಿತು. ಇದು ನಷ್ಟವೇ? ಕುರುಡುತನವು ಈ ಮೀನಿನ ಪ್ರಭೇದಲಕ್ಷಣವಲ್ಲ, ಕತ್ತಲೆಯಲ್ಲಿ ಬಾಳಿದ ಕೆಲವು ಸಮುದಾಯಗಳ ಲಕ್ಷಣ ಎಂಬುದೇ ಹೊಸ ತಿಳಿವಳಿಕೆ. ಅನ್ವರ್ಥನಾಮವು ಉಳಿದಿದ್ದರೆ ಕಣ್ಣುಳ್ಳ ನದಿಮೀನನ್ನೂ ‘ಕಣ್ಣಿಲ್ಲದ್ದು’ ಎಂದು ಕರೆಯಬೇಕಾಗುತ್ತಿತ್ತು. ಅರ್ಥವಿಲ್ಲದ ಹೆಸರು ಹೊಸ ತಿಳಿವಳಿಕೆಗೆ ಅಡ್ಡಬರುವುದಿಲ್ಲ. ಅದೇ ಅದರ ಶಕ್ತಿ.

ಈ ರೂಢಿಯು ಮುಂದುವರಿದಿದೆ. 2020ರಲ್ಲಿ ಆಸ್ಟಿಯಾನಾಕ್ಸ್ ಜಾತಿಯನ್ನು ಒಡೆದಾಗ ಹೊಸದಾಗಿ ರಚಿಸಿದ ಒಂದು ಜಾತಿಗೆ ‘ಆಂಡ್ರೊಮಾಖೆ’ ಎಂದು ಹೆಸರಿಟ್ಟರು. ಕಾವ್ಯದಲ್ಲಿ ಅವಳು ಆಸ್ಟಿಯಾನಾಕ್ಸನ ತಾಯಿ. ಇಲ್ಲಿ ಹೆಸರು ಮೀನಿನತ್ತ ನೋಡದೆ ಇನ್ನೊಂದು ಹೆಸರಿನತ್ತ ನೋಡುತ್ತದೆ.

ದಾರ್ಶನಿಕ ಸಾಲ್ ಕ್ರಿಪ್ಕಿ 1970ರ ಉಪನ್ಯಾಸಗಳಲ್ಲಿ ಮಂಡಿಸಿದ ವಿಚಾರವು ಇಲ್ಲಿ ಪ್ರಸ್ತುತವಾಗುತ್ತದೆ. ಹೆಸರು ವಸ್ತುವನ್ನು ನಿರ್ದೇಶಿಸುವುದು ವರ್ಣನೆಯ ಮೂಲಕವಲ್ಲ. ಒಮ್ಮೆ ನಡೆದ ನಾಮಕರಣದಿಂದ ಬಳಕೆದಾರರ ಸರಪಳಿಯ ಮೂಲಕ ಸಾಗಿಬಂದ ಸಂಬಂಧದಿಂದ ಎಂಬುದು ಅವನ ನಿಲುವು. ಜೀವಶಾಸ್ತ್ರದಲ್ಲಿ ಈ ನಾಮಕರಣಕ್ಕೆ ಭೌತಿಕ ಸಾಕ್ಷಿಯೇ ಇದೆ: ಸಂಗ್ರಹಾಲಯದಲ್ಲಿರುವ ಮಾದರಿ ನಮೂನೆ. ಪ್ರಭೇದದ ವ್ಯಾಖ್ಯೆ ಎಷ್ಟು ಬಾರಿ ಬದಲಾದರೂ ಆ ಹೆಸರು ಆ ನಮೂನೆಯಿರುವ ಪ್ರಭೇದಕ್ಕೆ ಸಲ್ಲುತ್ತದೆ. ಹೆಸರಿನ ಅರ್ಥವು ಜೀವಿಗೆ ಒಪ್ಪುವುದಿಲ್ಲವೆಂಬ ಕಾರಣದಿಂದ ಅದನ್ನು ತಿರಸ್ಕರಿಸುವಂತಿಲ್ಲವೆಂದು ಸಂಹಿತೆಯು ಸ್ಪಷ್ಟಪಡಿಸಿದೆ. ಅಂದರೆ ಅದು ಎಲ್ಲ ಪ್ರಭೇದನಾಮಗಳನ್ನೂ, ಅವುಗಳ ಹುಟ್ಟು ಎಂಥದೇ ಇರಲಿ, ಅಂಕಿತಗಳೆಂದು ಪರಿಗಣಿಸುತ್ತದೆ.

7. ಹೆಸರಿನ ವ್ಯಾಕರಣ

ಅರ್ಥವನ್ನು ಕೈಬಿಟ್ಟ ಸಂಹಿತೆಯು ವ್ಯಾಕರಣವನ್ನು ಕೈಬಿಟ್ಟಿಲ್ಲ. ಪ್ರಭೇದನಾಮವು ವಿಶೇಷಣವಾಗಿದ್ದರೆ ಜಾತಿನಾಮದ ಲಿಂಗವನ್ನು ಅನುಸರಿಸಬೇಕು. ‘ಹೈಫೆಸ್ಸೊಬ್ರೈಕಾನ್’ ಪುಲ್ಲಿಂಗ, ಆದ್ದರಿಂದ ಜ್ವಾಲೆಯ ಬಣ್ಣದ್ದು ಎಂಬರ್ಥದ ವಿಶೇಷಣವು ಅಲ್ಲಿ ‘ಫ್ಲಾಮಿಯಸ್’. ‘ಥೇಯೇರಿಯಾ’ ಸ್ತ್ರೀಲಿಂಗ, ಆದ್ದರಿಂದ ಓರೆಯಾದದ್ದು ಎಂಬ ವಿಶೇಷಣವು ಅಲ್ಲಿ ‘ಆಬ್ಲಿಕ್ವಾ’. ಫ್ಲಾಮಿಯಸ್ ಮೀನನ್ನು ನಾಳೆ ಸ್ತ್ರೀಲಿಂಗದ ಜಾತಿಯೊಂದಕ್ಕೆ ವರ್ಗಾಯಿಸಿದರೆ ಅದು ‘ಫ್ಲಾಮಿಯಾ’ ಆಗಬೇಕು. ಕನ್ನಡದ ‘ಒಳ್ಳೆಯ’ ಎಂಬ ವಿಶೇಷಣವು ಲಿಂಗಕ್ಕೆ ಬಾಗುವುದಿಲ್ಲ; ಸಂಸ್ಕೃತದಿಂದ ಬಂದ ‘ಸುಂದರ’, ‘ಸುಂದರಿ’ಗಳಲ್ಲಿ ಮಾತ್ರ ನಮಗೆ ಅದರ ಪರಿಚಯವಿದೆ. ಮಾತನಾಡುವವರಿಲ್ಲದ ಭಾಷೆಯೊಂದರ ಲಿಂಗಾನ್ವಯವು ಇಲ್ಲಿ ಉತ್ಪಾದಕ ನಿಯಮವಾಗಿ ಇನ್ನೂ ಬದುಕಿದೆ.

ವ್ಯಕ್ತಿನಾಮಗಳು ಷಷ್ಠೀ ವಿಭಕ್ತಿಯಲ್ಲಿ ಬರುತ್ತವೆ. ಅವು ಜಾತಿಯ ಲಿಂಗಕ್ಕೆ ಬಾಗುವುದಿಲ್ಲ, ವ್ಯಕ್ತಿಯ ಲಿಂಗಕ್ಕೆ ಬಾಗುತ್ತವೆ. ‘ಇನ್ನೆಸಿ’ ಎಂದರೆ ಇನ್ನೆಸ್‌ನ. ಕುರುಡುಮೀನಿಗೆ ಹೆಸರಿಟ್ಟ ಅದೇ ವಿಲಿಯಂ ಇನ್ನೆಸ್. ‘ಹೈಫೆಸ್ಸೊಬ್ರೈಕಾನ್ ಅಮಾಂಡೇ’ ಎಂಬಲ್ಲಿ ಅಂತ್ಯದ ಏಕಾರವು ಸ್ತ್ರೀಲಿಂಗದ ಷಷ್ಠಿ: ಅಮಾಂಡಾಳ ಎಂದರ್ಥ. ‘ಹೈಫೆಸ್ಸೊಬ್ರೈಕಾನ್ ಹರ್ಬರ್ಟಾಕ್ಸೆಲ್‌ರೋಡಿ’ಯಲ್ಲಿ ವ್ಯಕ್ತಿಯ ಎರಡು ಹೆಸರುಗಳು ಬೆಸೆದು ಒಂದು ಪದವಾಗಿವೆ. ‘ಇನ್ಪಾಇಕ್ತಿಸ್’ ಎಂಬ ಜಾತಿನಾಮದಲ್ಲಿ ಬ್ರೆಜಿಲಿನ ರಾಷ್ಟ್ರೀಯ ಅಮೆಜಾನ್ ಸಂಶೋಧನ ಸಂಸ್ಥೆಯ ಪೋರ್ಚುಗೀಸ್ ಹೆಸರಿನ ಆದ್ಯಕ್ಷರಗಳಾದ ‘ಇನ್ಪಾ’, ಮೀನು ಎಂಬರ್ಥದ ಗ್ರೀಕ್ ‘ಇಕ್ತಿಸ್’ ಪದದೊ‌ಡನೆ ಸಮಾಸಗೊಂಡಿದೆ. ನಮ್ಮಲ್ಲಾಗಿದ್ದರೆ ಇದನ್ನು ಅರಿಸಮಾಸವೆಂದು ವೈಯಾಕರಣರು ಆಕ್ಷೇಪಿಸುತ್ತಿದ್ದರು.

ಬರವಣಿಗೆಯ ಚಿಹ್ನೆಯೂ ಇಲ್ಲಿ ವ್ಯಾಕರಣಾಂಶವಾಗಿದೆ. ‘ಪ್ಯಾರಾಕೈರೋಡಾನ್ ಆಕ್ಸೆಲ್‌ರೋಡಿ (ಶುಲ್ಟ್ಸ್, 1956)’ ಎಂಬಲ್ಲಿ ಕರ್ತೃವಿನ ಹೆಸರು ಆವರಣದೊಳಗೆ ಇರುವುದಕ್ಕೆ ಖಚಿತವಾದ ಅರ್ಥವಿದೆ: ಈ ಪ್ರಭೇದವನ್ನು ಮೊದಲು ಬೇರೊಂದು ಜಾತಿಯಲ್ಲಿ ವಿವರಿಸಲಾಗಿತ್ತು. ಜಾತಿ ಬದಲಾಗದ ‘ಹೈಫೆಸ್ಸೊಬ್ರೈಕಾನ್ ಫ್ಲಾಮಿಯಸ್ ಮೈಯರ್ಸ್, 1924’ ಎಂಬಲ್ಲಿ ಆವರಣವಿಲ್ಲ. ಉಚ್ಚಾರದಲ್ಲಿ ಕೇಳದ ಈ ಚಿಹ್ನೆಯು ಹೆಸರಿನ ಚರಿತ್ರೆಯನ್ನು ಹೆಸರಿನಲ್ಲಿಯೇ ಹಿಡಿದಿಟ್ಟಿದೆ.

8. ಕನ್ನಡದ ಪರಿಭಾಷೆಗೆ ಒದಗುವ ಸೂಚನೆಗಳು

ಮೇಲಿನ ವಿಶ್ಲೇಷಣೆಯಿಂದ ಕನ್ನಡದಲ್ಲಿ ವಿಜ್ಞಾನವನ್ನು ಬರೆಯುವವರಿಗೂ ನಿಘಂಟುಕಾರರಿಗೂ ಮೂರು ಸೂಚನೆಗಳು ದೊರೆಯುತ್ತವೆ.

ಮೊದಲನೆಯದು, ರೂಢನಾಮವನ್ನು ವ್ಯುತ್ಪತ್ತಿಯ ಹಾದಿಯಲ್ಲಿ ಅನುವಾದಿಸಬಾರದು. ‘ಟೆಟ್ರಾ’ವನ್ನು ‘ಚತುಷ್ಕ’ವೆಂದು ಮಾಡಿದರೆ ಮೂಲದಲ್ಲಿಯೇ ಅಳಿದುಹೋದ ಅರ್ಥವನ್ನು ಅನುವಾದದಲ್ಲಿ ಹುಟ್ಟಿಸಿದಂತಾಗುತ್ತದೆ, ಓದುಗನು ಮೀನಿನಲ್ಲಿ ಇಲ್ಲದ ನಾಲ್ಕನ್ನು ಹುಡುಕುತ್ತಾನೆ. ಕನ್ನಡವು ಈ ಪದವನ್ನು ‘ಟೆಟ್ರಾಗಳು’, ‘ಟೆಟ್ರಾವನ್ನು’ ಎಂದು ನಪುಂಸಕ ನಾಮವಾಗಿ ಸುಲಭವಾಗಿ ಒಳಗೊಳ್ಳುತ್ತದೆ. ಅಷ್ಟು ಸಾಕು.

ಎರಡನೆಯದು, ದ್ವಿನಾಮಗಳನ್ನು ಅನುವಾದಿಸದೆ ಲಿಪ್ಯಂತರಿಸಬೇಕು. ಆದರೆ ಲಿಪ್ಯಂತರಕ್ಕೆ ಒಂದು ನಿಯಮವಿರಬೇಕು. ಗ್ರೀಕ್ ಮೂಲದ ಒಂದೇ ಅಕ್ಷರವನ್ನು ಒಬ್ಬರು ಕಕಾರದಿಂದ, ಇನ್ನೊಬ್ಬರು ಖಕಾರದಿಂದ, ಮತ್ತೊಬ್ಬರು ಚಕಾರದಿಂದ ಬರೆದರೆ ಒಂದೇ ಮೀನು ಕನ್ನಡದ ಸೂಚಿಯಲ್ಲಿ ಮೂರು ಕಡೆ ಬರುತ್ತದೆ. ಹೆಸರಿನ ಮೊದಲ ಕೆಲಸವಾದ ನಿರ್ದೇಶನವೇ ಕೆಡುತ್ತದೆ. ಜೊತೆಗೆ ‘ಕೈರೋಡಾನ್’ನಂಥ ಪದದಲ್ಲಿ ಕನ್ನಡದ ‘ಕೈ’ಯನ್ನು ಕಾಣುವ ಅಪಾಯವೂ ಇದೆ. ಗ್ರೀಕಿನಲ್ಲಿ ಆ ಘಟಕದ ಅರ್ಥ ‘ಕೈ’ ಎಂಬುದು ನಿಜ. ಆದರೆ ಎರಡು ಭಾಷೆಗಳ ಪದಗಳ ಈ ಹೋಲಿಕೆ ಕೇವಲ ಆಕಸ್ಮಿಕ. ಮೀನುಗಳ ವರ್ಗೀಕರಣದಲ್ಲಿ ಅಪೂರ್ಣ ಪಾರ್ಶ್ವರೇಖೆ ಕಲಿಸುವ ಪಾಠವನ್ನು ಪದಗಳ ವರ್ಗೀಕರಣದಲ್ಲಿ ಈ ‘ಕೈ’ ಕಲಿಸುತ್ತದೆ.

ಮೂರನೆಯದು ಹೆಚ್ಚು ವ್ಯಾಪಕವಾದುದು. ಪಾರಿಭಾಷಿಕ ಪದವು ಪಾರದರ್ಶಕವಾಗಿರಬೇಕು, ಅಂದರೆ ಪದವನ್ನು ಬಿಡಿಸಿದರೆ ವ್ಯಾಖ್ಯೆ ದೊರೆಯಬೇಕು ಎಂಬ ಆದರ್ಶವು ನಮ್ಮ ಪರಿಭಾಷಾ ಚರ್ಚೆಗಳಲ್ಲಿ ಪ್ರಬಲವಾಗಿದೆ. ಲಕ್ಷಣವು ಸ್ಥಿರವಾಗಿರುವ ಕಡೆ, ಉದಾಹರಣೆಗೆ ರೇಖಾಗಣಿತದ ‘ತ್ರಿಕೋನ’ದಲ್ಲಿ, ಈ ಆದರ್ಶವು ಸಾಧು. ತಿಳಿವಳಿಕೆಯು ಬದಲಾಗುತ್ತಿರುವ ಕ್ಷೇತ್ರದಲ್ಲಿ ಅದೇ ಪಾರದರ್ಶಕತೆ ಹೊರೆಯಾಗುತ್ತದೆ: ಇಂದಿನ ವ್ಯಾಖ್ಯೆಯನ್ನು ಪದದಲ್ಲಿ ಕೆತ್ತಿದರೆ ನಾಳೆಯ ವ್ಯಾಖ್ಯೆಗೆ ಪದವನ್ನೇ ಒಡೆಯಬೇಕಾಗುತ್ತದೆ. ಆದುದರಿಂದ ಅನ್ವರ್ಥವನ್ನೋ ಅಂಕಿತವನ್ನೋ ಆರಿಸಿಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ ‘ಈ ಪದ ಕನ್ನಡದ್ದೇ?’ ಎಂಬುದಲ್ಲ, ‘ಈ ಲಕ್ಷಣ ಎಷ್ಟು ಕಾಲ ನಿಲ್ಲುತ್ತದೆ?’ ಎಂಬುದು.

9. ಉಪಸಂಹಾರ

ಟೆಟ್ರಾ ಮೀನುಗಳ ನಾಮಚರಿತ್ರೆಯಲ್ಲಿ ಮೂರು ಚಲನೆಗಳನ್ನು ಗುರುತಿಸಬಹುದು. ‘ಟೆಟ್ರಗೊನಾಪ್ಟೆರಸ್’ ಎಂಬ ಅನ್ವರ್ಥವು ಮೊಟಕಾಗಿ ‘ಟೆಟ್ರಾ’ ಎಂಬ ರೂಢನಾಮವಾಯಿತು. ‘ಹೆಮಿಗ್ರಾಮಸ್’, ‘ಪ್ಯಾರಾಕೈರೋಡಾನ್’ ಮೊದಲಾದ ಅನ್ವರ್ಥಗಳು ಶಾಸ್ತ್ರದೊಳಗೆ ಉಳಿದೂ ಅರ್ಥದ ಭಾರವನ್ನು ಇಳಿಸಿ ಅಂಕಿತಗಳಾದವು. ‘ಕಾರ್ಡಿನಾಲಿಸ್’ ಶಾಸ್ತ್ರದಲ್ಲಿ ತಿರಸ್ಕೃತವಾದರೂ ಅದರ ಪದವು ಲೋಕದಲ್ಲಿ ಉಳಿಯಿತು. ಜಾತಿನಾಮವು ವಂಶಸಂಬಂಧವನ್ನು ಹೇಳುವ ಹೊಣೆ ಹೊತ್ತಿರುವುದರಿಂದ ದ್ವಿನಾಮದ ಮೊದಲ ಪದ ಚಲಿಸುತ್ತದೆ. ನಮೂನೆಗೆ ಕಟ್ಟಿಬಿದ್ದಿರುವುದರಿಂದ ಎರಡನೆಯ ಪದ ಬಹುಮಟ್ಟಿಗೆ ನಿಲ್ಲುತ್ತದೆ. ದ್ವಿನಾಮ ಪದ್ಧತಿಯು ಎರಡೂವರೆ ಶತಮಾನಗಳಿಗೂ ಮಿಕ್ಕಿ ಬಾಳಿರುವುದಕ್ಕೆ ಬದಲಾಗುವುದನ್ನೂ ಉಳಿಯುವುದನ್ನೂ ಹೀಗೆ ಎರಡು ಪದಗಳಿಗೆ ಹಂಚಿಕೊಟ್ಟಿರುವುದು ಒಂದು ಮುಖ್ಯ ಕಾರಣವೆನ್ನಬಹುದು. ಕನ್ನಡದ ಹಳೆಯ ನಾಮವಿಂಗಡಣೆಯನ್ನು ಪದಗಳ ಪಟ್ಟಿಯೆಂದಲ್ಲದೆ ಹೆಸರುಗಳು ಹಾದುಹೋಗುವ ಅವಸ್ಥೆಗಳೆಂದು ಓದಿದರೆ, ಇಂಥ ವ್ಯವಸ್ಥೆಗಳನ್ನು ವಿವರಿಸಲು ಅದು ಇಂದಿಗೂ ಸಮರ್ಥವಾದ ಸಾಧನ.